2.9 ಜಿಪಿಎ ತಂದ ಮಕ್ಕಳ ಅಪ್ಪ ಅಮ್ಮಂದಿರಿಗೆ

ಮೊನ್ನೆ ರಾತ್ರಿ ಹತ್ತೂವರೆಗೆ ಗೆಳತಿಯೊಬ್ಬರು ಫೋನ್ ಮಾಡಿದರು. ಮಗ ಕಾಲೇಜಿನ ಮೂರನೇ ವರ್ಷ, ಮೆಡಿಕಲ್ ಸೇರುವ ಆಸೆ. ಜಿಪಿಎ, ಅಂದರೆ 4ಕ್ಕೆ ಲೆಕ್ಕ ಹಾಕುವ ಗ್ರೇಡ್ ಸರಾಸರಿ, 3.0ಕ್ಕಿಂತ ಕೆಳಗಿದೆ. "ಊರಿಗೆ ಕಳಿಸಿ ಎನ್‌ಆರ್‌ಐ ಸೀಟು ಕೊಡಿಸ್ತೀವಿ ಕಣ್ರೀ, ಇಲ್ಲಾಂದ್ರೆ ಕೆರಿಬಿಯನ್ ದ್ವೀಪಗಳ ಮೆಡಿಕಲ್ ಕಾಲೇಜು" ಅಂದರು. ದನಿಯಲ್ಲಿ ಅಳು ಇತ್ತು. ಒಂದು ಗಂಟೆ ಮಾತಾಡಿದೆ, ಆದರೂ ಹೇಳಬೇಕಾದದ್ದು ಉಳಿಯಿತು ಅನ್ನಿಸಿ ಇಲ್ಲಿ ಬರೆಯುತ್ತಿದ್ದೇನೆ. ಅಮೆರಿಕದ ನಮ್ಮ ಕನ್ನಡದ ಮನೆಗಳಲ್ಲಿ ಈ ವಿಷಯವನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಅಲ್ವಾ?

ನನ್ನ ಮಗಳು ನ್ಯೂಜೆರ್ಸಿಯಲ್ಲಿ ಡಿಗ್ರಿ ಮುಗಿಸಿದಾಗ ಅವಳ ಜಿಪಿಎ 2.9. ಮೊದಲ ಎರಡು ವರ್ಷ ಅವಳ ಅಪ್ಪನಿಗೆ ಹುಷಾರಿರಲಿಲ್ಲ, ವಾರಕ್ಕೆರಡು ಸಲ ಮನೆಗೆ ಓಡಿ ಬರುತ್ತಿದ್ದಳು. ಆರ್ಗ್ಯಾನಿಕ್ ಕೆಮಿಸ್ಟ್ರಿಯಲ್ಲಿ ಸಿ, ಫಿಸಿಕ್ಸ್‌ನಲ್ಲೂ ಸಿ. ಕಾಲೇಜಿನ ಅಡ್ವೈಸರ್ ಹತ್ತು ನಿಮಿಷ ಕೂರಿಸಿಕೊಂಡು "ಮೆಡಿಕಲ್ ಬಿಟ್ಟು ಬೇರೆ ಏನಾದರೂ ಯೋಚಿಸು" ಅಂತ ಕಳಿಸಿದರು. ಅವತ್ತು ಅವಳು ಊಟ ಮಾಡಲಿಲ್ಲ.

ಆಮೇಲೆ ಇಬ್ಬರೂ ಕೂತು ಲೆಕ್ಕ ಹಾಕಿದೆವು. 120 ಕ್ರೆಡಿಟ್‌ಗೆ 2.9 ಇದ್ದವರು ಇನ್ನೂ 30 ಕ್ರೆಡಿಟ್ ಓದಿ ಎಲ್ಲದರಲ್ಲೂ ಎ ತಂದರೂ ಏರುವುದು 3.12ಕ್ಕೆ ಮಾತ್ರ. ಇಲ್ಲಿ ಎಂಡಿ (ಡಿಗ್ರಿ ಮುಗಿದ ಮೇಲೆ ಓದುವ ಮೆಡಿಕಲ್ ಡಿಗ್ರಿ) ಕಾಲೇಜು ಸೇರುವವರ ಸರಾಸರಿ 3.7 ದಾಟಿದೆ. ಅಂದರೆ ಆ ಸರಾಸರಿಯ ಹಿಂದೆ ಓಡಿ ಪ್ರಯೋಜನವಿಲ್ಲ. ಆದರೆ ಅರ್ಜಿ ನೋಡುವವರ ಕಣ್ಣಿಗೆ ವರ್ಷವಾರು ಗ್ರೇಡೂ ಬೀಳುತ್ತದೆ, ಸೈನ್ಸ್ ಮತ್ತು ಮ್ಯಾಥ್ಸ್‌ನದ್ದು ಬೇರೆಯಾಗಿಯೇ ಕಾಣುತ್ತದೆ. ಇತ್ತೀಚಿನ ಎರಡು ವರ್ಷ ಗಟ್ಟಿಯಾಗಿದ್ದರೆ ಹಳೆಯ ಸಿ ಬೇರೆ ಥರ ಓದಿಸಿಕೊಳ್ಳುತ್ತದೆ.

ಇನ್ನು ಹಳೆಯ ಕೋರ್ಸ್ ಮತ್ತೆ ಮಾಡಿದರೆ ಹಳೆಯ ಗ್ರೇಡ್ ಅಳಿಸಿಹೋಗುತ್ತದೆ ಅಂತ ತುಂಬಾ ಜನ ನಂಬಿದ್ದಾರೆ. ಹಾಗಿಲ್ಲ. ಎಂಡಿ ಕಾಲೇಜುಗಳ ಅರ್ಜಿ ಹೋಗುವ ಆಮ್ಕಾಸ್‌ನಲ್ಲಿ ಎರಡೂ ಗ್ರೇಡ್ ಲೆಕ್ಕಕ್ಕೆ ಬರುತ್ತವೆ, ಡಿಒ (ಆಸ್ಟಿಯೋಪಥಿಕ್ ಮೆಡಿಸಿನ್, ಇಲ್ಲಿ ಡಾಕ್ಟರ್ ಆಗುವ ಇನ್ನೊಂದು ಡಿಗ್ರಿ) ಕಾಲೇಜುಗಳ ಅರ್ಜಿಯಲ್ಲೂ 2017ರಿಂದ ಹಾಗೇ. ಡಿ, ಎಫ್ ಇದ್ದರೆ ಮತ್ತೆ ಮಾಡಲೇಬೇಕು. ಸಿ ಬಂದದ್ದನ್ನೆಲ್ಲ ತಿರುಗಿ ಓದುತ್ತಾ ಕೂರುವುದಕ್ಕಿಂತ ಬಯೋಕೆಮಿಸ್ಟ್ರಿ, ಫಿಸಿಯಾಲಜಿಯಂಥ ಮೇಲಿನ ಕೋರ್ಸ್ ತಗೊಂಡು ಎ ತಂದು ತೋರಿಸುವುದು ವಾಸಿ. ಮಗಳು ಹಾಗೇ ಮಾಡಿದಳು. ಕೆಲಸ ಮಾಡುತ್ತಲೇ ಎರಡು ವರ್ಷ, ಡಿಗ್ರಿ ಆದ ಮೇಲೆ ಮೆಡಿಕಲ್ ತಯಾರಿಗೆ ಓದುವ ಪೋಸ್ಟ್‌ಬ್ಯಾಕ್ ಓದಿದಳು.

ಪೋಸ್ಟ್‌ಬ್ಯಾಕ್‌ಗೂ ಮಾಸ್ಟರ್ಸ್‌ಗೂ ವ್ಯತ್ಯಾಸವಿದೆ, ದುಡ್ಡು ಕಟ್ಟುವ ಮೊದಲೇ ತಿಳಿದಿರಲಿ. ಡಿಗ್ರಿ ಮಟ್ಟದ ಪೋಸ್ಟ್‌ಬ್ಯಾಕ್ ಗ್ರೇಡ್ ಹಳೆಯ ಜಿಪಿಎಗೆ ಸೇರುತ್ತದೆ, ಮಾಸ್ಟರ್ಸ್‌ದು ಬೇರೆಯಾಗಿ ನಿಲ್ಲುತ್ತದೆ. ಮೆಡಿಕಲ್ ಮೊದಲ ವರ್ಷದ ಪಾಠವನ್ನೇ ಓದಿಸುವ ಸ್ಪೆಷಲ್ ಮಾಸ್ಟರ್ಸ್‌ನಲ್ಲಿ ಚೆನ್ನಾಗಿ ಮಾಡಿದರೆ ಬಾಗಿಲು ತೆಗೆಯಬಹುದು, ಆದರೆ ಅಲ್ಲೂ ಎಡವಿದರೆ ಮತ್ತೆ ಏಳುವುದು ಬಹಳ ಕಷ್ಟ, ಸಾಲವೂ ತಲೆ ಮೇಲೆ ಉಳಿಯುತ್ತದೆ. ಮನಸ್ಸು, ಮನೆ ಎರಡೂ ಒಂದು ಹದಕ್ಕೆ ಬರುವವರೆಗೆ ಅದಕ್ಕೆ ಕೈ ಹಾಕಬೇಡಿ.

ಇಲ್ಲಿನ ಮೆಡಿಕಲ್ ಪ್ರವೇಶ ಪರೀಕ್ಷೆ ಎಂಕ್ಯಾಟ್ ವಿಷಯದಲ್ಲಿ ನಾನು ತಪ್ಪು ಮಾಡಿದೆ. ಪ್ರಾಕ್ಟೀಸ್ ಟೆಸ್ಟ್‌ನಲ್ಲಿ ಬೇಕಾದಷ್ಟು ಬರುತ್ತಿಲ್ಲ ಅಂತ ಅವಳು ಪರೀಕ್ಷೆಯನ್ನು ನಾಲ್ಕು ತಿಂಗಳು ಮುಂದೆ ಹಾಕಿದಾಗ ರೇಗಿದ್ದೆ. ಅವಳದ್ದೇ ಸರಿ. 472ರಿಂದ 528ರವರೆಗಿನ ಪರೀಕ್ಷೆ ಅದು, ಎಂಡಿ ಸೇರುವವರ ಸರಾಸರಿಯೇ 511ರ ಮೇಲೆ, ಬರೆದ ಪ್ರತಿ ಸಲದ ಸ್ಕೋರೂ ಕಾಲೇಜಿಗೆ ಕಾಣುತ್ತದೆ. ಜಿಪಿಎ ಕಡಿಮೆ ಇರುವವರು ಸುಮ್ನೆ ಒಂದು ಸಲ ಬರೆದು ನೋಡೋಣ ಅನ್ನುವ ಹಾಗಿಲ್ಲ. ಅವಳಿಗೆ 512 ಬಂತು.

ಆ ಎರಡು ವರ್ಷ ಅವಳು ಇಎಂಟಿ (ಆಂಬುಲೆನ್ಸ್‌ನಲ್ಲಿ ತುರ್ತು ಆರೈಕೆ ಮಾಡುವವರ) ತರಬೇತಿ ಮುಗಿಸಿ ನಮ್ಮೂರಿನ ಫಸ್ಟ್ ಏಡ್ ಸ್ಕ್ವಾಡ್‌ನಲ್ಲಿ ರಾತ್ರಿ ಪಾಳಿ ಮಾಡುತ್ತಿದ್ದಳು. ಅರ್ಜಿಯ ಪ್ರಬಂಧದಲ್ಲಿ ಅಪ್ಪನ ಕಾಯಿಲೆಯನ್ನು ನೆಪ ಮಾಡಿಕೊಳ್ಳದೆ ಎರಡೇ ಸಾಲಲ್ಲಿ ಹೇಳಿ ಮುಗಿಸಿದಳು. ಉಳಿದದ್ದೆಲ್ಲ ಆಂಬುಲೆನ್ಸ್‌ನಲ್ಲಿ ಕಂಡ ಜನರ ಬಗ್ಗೆ ಬರೆದಳು.

ಈಗ ನನಗೆ ಸಿಟ್ಟು ಬರುವ ಮಾತು: "ಡಿಒ ಅಂದ್ರೆ ಪೂರ್ತಿ ಡಾಕ್ಟರ್ ಅಲ್ಲ ಅಲ್ವಾ?" ಎಷ್ಟು ಸಲ ಕೇಳಿದ್ದೇನೆ ಇದನ್ನು! ಅಮೆರಿಕದಲ್ಲಿ ಓದಿದ ಡಿಒಗಳು ಐವತ್ತೂ ರಾಜ್ಯಗಳಲ್ಲಿ ಔಷಧಿ ಬರೆಯುತ್ತಾರೆ, ಆಪರೇಷನ್ ಮಾಡುತ್ತಾರೆ. 2020ರಿಂದ ರೆಸಿಡೆನ್ಸಿ (ಮೆಡಿಕಲ್ ಮುಗಿದ ಮೇಲಿನ ಆಸ್ಪತ್ರೆ ತರಬೇತಿ) ಕಾರ್ಯಕ್ರಮಗಳಿಗೆ ಮಾನ್ಯತೆ ಕೊಡುವುದೂ ಎಂಡಿ, ಡಿಒ ಇಬ್ಬರಿಗೂ ಒಂದೇ ಸಂಸ್ಥೆ. ನಿಮ್ಮ ಸಂಕೋಚಕ್ಕೆ ಮಗುವಿನ ಒಂದು ದಾರಿ ಮುಚ್ಚಬೇಡಿ.

ಇನ್ನು ಊರಿನ ಸೀಟು. ಎನ್‌ಆರ್‌ಐ ಆದರೂ ನೀಟ್ ಬರೆಯಲೇಬೇಕು. ಇಲ್ಲಿನ ಡಿಗ್ರಿ ಇದ್ದರೂ ಮೊದಲ ವರ್ಷದಿಂದ ಶುರು, ನಾಲ್ಕೂವರೆ ವರ್ಷ ಓದು, ಒಂದು ವರ್ಷ ಇಂಟರ್ನ್‌ಶಿಪ್, ಮತ್ತೆ ಅಮೆರಿಕದ ಡಾಕ್ಟರ್ ಲೈಸೆನ್ಸ್ ಪರೀಕ್ಷೆ ಯುಎಸ್ಎಂಎಲ್ಇ ಬರೆದು ವಿದೇಶದಲ್ಲಿ ಓದಿದವರ ಸಾಲಿನಲ್ಲೇ ನಿಲ್ಲಬೇಕು. ಕೆರಿಬಿಯನ್‌ನಿಂದ ಬಂದ ಒಳ್ಳೆಯ ಡಾಕ್ಟರುಗಳೂ ಇದ್ದಾರೆ. ಆದರೆ ನಡುವೆ ಬಿಟ್ಟುಹೋದವರ ಸಾಲ ಯಾರೂ ತೀರಿಸುವುದಿಲ್ಲ. ಎರಡು ವರ್ಷ ಕಾಯುವುದು ಇವೆರಡಕ್ಕಿಂತ ಅಗ್ಗ.

ಅರ್ಜಿ ಮೇ ಕೊನೆ, ಜೂನ್ ಶುರುವಿನಲ್ಲೇ ಹೋಗಬೇಕು, ಬಂದ ಹಾಗೆ ನೋಡಿ ಸೀಟು ತುಂಬುತ್ತಾ ಹೋಗುತ್ತಾರೆ. ಸಿದ್ಧವಿಲ್ಲದಿದ್ದರೆ ಆ ವರ್ಷ ಹಾಕಲೇಬೇಡಿ. ಮಗಳಿಗೆ ಮೂರು ಕಡೆ ಇಂಟರ್‌ವ್ಯೂ ಬಂತು, ಸೀಟು ಸಿಕ್ಕಿದ್ದು ಒಂದು ಕಡೆ, ಡಿಒ. ಈಗ ಎರಡನೇ ವರ್ಷ.

ಗೆಳತಿಯ ಮಗನಿಗೆ ಶನಿವಾರ ಮನೆಗೆ ಬಾ ಅಂದಿದ್ದೇನೆ, ಟ್ರಾನ್ಸ್‌ಕ್ರಿಪ್ಟ್ ತಗೊಂಡು. ಮಗಳೂ ಅವತ್ತು ಬಂದಿರುತ್ತಾಳೆ. ನಿಮ್ಮ ಮನೆಯಲ್ಲೂ ಇಂಥ ಮಗು ಇದ್ದರೆ ಮೆಸೇಜ್ ಮಾಡಿ, ಜೊತೆಗೆ ಕೂತು ನೋಡೋಣ.