ಸೊರ್ಪೊತೆಲ್ ಬೇಡ ಅನ್ನೋದಕ್ಕೆ ಕಾರಣ ಬೇಕಾ?

ಸೊರ್ಪೊತೆಲ್ ಅಂದರೆ ಗೋವಾದ ಹಂದಿ ಮಾಂಸದ ಅಡುಗೆ. ಹಂದಿ ಮಾಂಸ ತಿನ್ನಬಾರದು ಅನ್ನುವ ಧರ್ಮದ ಕಟ್ಟಳೆಗೆ ಇವತ್ತಿಗೂ ಅರ್ಥ ಇದೆಯಾ? ಗೋವಾದಲ್ಲಿ ನೆಲೆಸಿರುವ ಇಬ್ಬರು ಕನ್ನಡಿಗರು ಬರೆದಿದ್ದಾರೆ.

ಪರ

ವಾಟ್ಸಾಪ್‌ನಲ್ಲಿ ಆಗಾಗ ಒಂದು ವಿಡಿಯೋ ಬರುತ್ತದೆ. ಹಂದಿ ಮಾಂಸದ ಮೇಲೆ ಕೋಲಾ ಸುರಿಯುತ್ತಾರೆ, ಹುಳ ಹೊರಗೆ ಬರುತ್ತದಂತೆ. ಕಳಿಸುವವರು ನಮ್ಮವರೇ. ನನಗೆ ಸಿಟ್ಟು ಬರುತ್ತದೆ. ಹುಳ ಇದ್ದರೆ ಹರಾಮ್, ಇಲ್ಲದಿದ್ದರೆ ಹಲಾಲ್ ಅಂತ ಯಾರು ಹೇಳಿದ್ದಾರೆ?

ಗ್ರಂಥ ತೆರೆದು ನೋಡಿ. ಯೆಹೂದಿಗಳ ತೋರಾದಲ್ಲಿ, ಅಂದರೆ ಬೈಬಲ್ಲಿನ ಯಾಜಕಕಾಂಡದ 11ನೇ ಅಧ್ಯಾಯದಲ್ಲಿ, ಹಂದಿಯ ಗೊರಸು ಸೀಳಿದೆ ಆದರೆ ಅದು ಮೆಲುಕು ಹಾಕುವುದಿಲ್ಲ, ಆದ್ದರಿಂದ ಬೇಡ ಅಂತಿದೆ. ಅದೇ ಪಟ್ಟಿಯಲ್ಲಿ ಒಂಟೆ, ಮೊಲವೂ ಇವೆ. ಕುರಾನ್ ಹಂದಿ ಮಾಂಸವನ್ನು ಅಶುದ್ಧ ಅನ್ನುತ್ತದೆ. ಎರಡರಲ್ಲೂ ಹುಳದ ಮಾತಿಲ್ಲ. ಆರೋಗ್ಯದ ಕಾರಣ ಆಮೇಲೆ ಸೇರಿಕೊಂಡದ್ದು. 12ನೇ ಶತಮಾನದಲ್ಲಿ ಈಜಿಪ್ಟಿನಲ್ಲಿದ್ದ ಯೆಹೂದಿ ವೈದ್ಯ ಮೈಮೊನಿಡಿಸ್, ಹಂದಿ ಗಲೀಜು ತಿನ್ನುತ್ತದೆ, ಅದಕ್ಕೇ ನಿಷೇಧ ಅಂದ. ಹಂದಿ ಮಾಂಸದಿಂದ ಬರುವ ಟ್ರೈಕಿನೆಲ್ಲಾ ಹುಳ ಕಣ್ಣಿಗೆ ಬಿದ್ದದ್ದೇ 1835ರಲ್ಲಿ, ಲಂಡನ್ನಿನಲ್ಲಿ. ಆರೋಗ್ಯವನ್ನೇ ನೆಚ್ಚಿಕೊಂಡರೆ ಮನೆಗೆ ಪ್ರೆಶರ್ ಕುಕ್ಕರ್ ಬಂದ ದಿನವೇ ನಮ್ಮ ನಿಯಮ ಬಿದ್ದುಹೋಗುತ್ತದೆ.

ನಾವು ವಾಸ್ಕೋದಲ್ಲಿದ್ದೇವೆ, ಮೂಲ ಹುಬ್ಬಳ್ಳಿ. ಕೆಳಗಿನ ಮನೆಯ ಲಿಂಗಾಯತ ಅಕ್ಕ ಮೊಟ್ಟೆ ಹಾಕಿದ ಕೇಕನ್ನೂ ಮುಟ್ಟುವುದಿಲ್ಲ. ಅವರಿಗೆ ಯಾರೂ ಲ್ಯಾಬ್ ರಿಪೋರ್ಟ್ ಕೇಳುವುದಿಲ್ಲ. ಏಕಾದಶಿ ಮಾಡುವವರನ್ನು, ಇವತ್ತು ಅನ್ನಕ್ಕೆ ಏನಾಗಿದೆ ಅಂತ ಕೇಳುತ್ತೀವಾ? ರಂಜಾನ್‌ನಲ್ಲಿ ನಾನು ಹಗಲು ನೀರು ಕುಡಿಯುವುದಿಲ್ಲ. ನೀರಿನಲ್ಲಿ ದೋಷ ಇದೆ ಅಂತಲ್ಲ, ಅಲ್ವಾ? ಹಂದಿಯ ವಿಷಯಕ್ಕೆ ಬಂದಾಗ ಮಾತ್ರ ವಿಜ್ಞಾನದ ಸರ್ಟಿಫಿಕೇಟ್ ಬೇಕಂತೆ.

ಎದುರಿಗೇ ಇದೆ, ಘಮಘಮ ಅನ್ನುತ್ತಿದೆ, ಕೈಯಲ್ಲಿ ದುಡ್ಡೂ ಇದೆ, ಆದರೂ ಬೇಡ ಅನ್ನುತ್ತೇವೆ. ಅದೇ ಅದರ ಅರ್ಥ. ಹಂದಿಯೇ ಸಿಗದ ಊರಲ್ಲಿ ಬಿಟ್ಟಿರುವುದು ಏನು ದೊಡ್ಡ ವಿಷಯ? ಮಾಪ್ಸಾ ಸಂತೆಯಲ್ಲಿ ಚೊರಿಸ್ ಅನ್ನುವ ಹಂದಿ ಸಾಸೇಜಿನ ಮಾಲೆಗಳ ಮುಂದೆಯೇ ನಡೆದು ಹೋಗಬೇಕು.

ಇದು ಗುರುತೂ ಹೌದು. ಪಣಜಿಯ ದೊಡ್ಡ ಚರ್ಚಿನ ಹತ್ತಿರದ ಪಾರ್ಕಿಗೆ ಗಾರ್ಸಿಯಾ ದ ಒರ್ತಾ ಹೆಸರಿದೆ. ಪೋರ್ಚುಗೀಸ್ ವೈದ್ಯ. ಇಲ್ಲಿನ ಔಷಧಿ ಗಿಡಗಳ ಬಗ್ಗೆ ಆತ ಬರೆದ ಪುಸ್ತಕ 1563ರಲ್ಲಿ ಗೋವಾದಲ್ಲೇ ಅಚ್ಚಾಯಿತು. ಬಲವಂತಕ್ಕೆ ಕ್ರೈಸ್ತರಾದ ಯೆಹೂದಿ ಮನೆತನ ಅವನದು. ಅವನು ತೀರಿಕೊಂಡ ಮರುವರ್ಷ, 1569ರಲ್ಲಿ, ಅವನ ಸಹೋದರಿ ಕತಾರಿನಾಳನ್ನು ಇನ್‌ಕ್ವಿಸಿಷನ್, ಅಂದರೆ ಧರ್ಮ ತಪ್ಪಿದವರನ್ನು ವಿಚಾರಿಸುವ ಚರ್ಚಿನ ನ್ಯಾಯಮಂಡಳಿ, ಸುಟ್ಟಿತು. 1580ರಲ್ಲಿ ಅವನ ಮೂಳೆಗಳನ್ನೂ ಅಗೆದು ತೆಗೆದು ಸುಟ್ಟರು. ಗುಟ್ಟಾಗಿ ಯೆಹೂದಿಯಾಗಿಯೇ ಉಳಿದವರನ್ನು ಹಿಡಿಯಲು ಪೋರ್ಚುಗೀಸರು ನೋಡುತ್ತಿದ್ದ ಗುರುತುಗಳಲ್ಲಿ ಹಂದಿ ತಿನ್ನದಿರುವುದೂ ಒಂದು. ಆ ಭಯದಲ್ಲೂ ಬಿಡದೆ ಹಿಡಿದುಕೊಂಡ ಜನರಿದ್ದರು. ಅದನ್ನು ಅರ್ಥವಿಲ್ಲದ್ದು ಅನ್ನಲು ನನಗಂತೂ ಬಾಯಿ ಬರುವುದಿಲ್ಲ.

ನನ್ನ ನಿಯಮ ನನ್ನ ತಟ್ಟೆಗೆ. ಕ್ರಿಸ್ಮಸ್‌ಗೆ ಪಕ್ಕದ ಕ್ರೈಸ್ತರ ಮನೆಯಿಂದ ದೊದೊಲ್ ಸಿಹಿ ಬರುತ್ತದೆ. ಅವರ ಮನೆ ಮದುವೆಗೆ ಹೋದರೆ, ಶಾಕುತಿ ಮಸಾಲೆಯ ಕೋಳಿ ಹಲಾಲ್ ಅಂಗಡಿಯದ್ದು ಅಂತ ಅವರೇ ಮೊದಲು ಹೇಳುತ್ತಾರೆ. ಸೊರ್ಪೊತೆಲ್ ಪಾತ್ರೆ ಎರಡು ಮಾರು ಆಚೆ ಇರುತ್ತದೆ. ಅಷ್ಟು ಜಾಗ ಸಾಕು.

ವಿರೋಧ

ಕಾರಣ ಕೇಳಬೇಡಿ ಅಂದುಬಿಟ್ಟರೆ ಯಾವ ನಿಯಮವನ್ನು ತಾನೇ ಬಿಡಿಸಲು ಆಗುತ್ತದೆ? ಮುಟ್ಟಾದವರು ಹೊರಗೆ ಕೂರಬೇಕು ಅನ್ನುವುದಕ್ಕೂ ಇದೇ ಉತ್ತರ ಕೊಡುತ್ತಿದ್ದರು.

ನಾನು ಕೊಡಗಿನವನು. ಪಂದಿ ಕರಿ ಇಲ್ಲದ ಮದುವೆ ಊಟ ನಮ್ಮ ಕಡೆ ಊಟವೇ ಅಲ್ಲ. ಕೆಲಸ ವೆರ್ಣಾದ ಔಷಧಿ ಕಂಪನಿಯೊಂದರಲ್ಲಿ. ಮೇಲೆ ಬರೆದ ಅಕ್ಕ ಹುಳದ ವಾದವನ್ನು ಪಕ್ಕಕ್ಕಿಟ್ಟರು, ಒಳ್ಳೆಯದು. ಆದರೆ ಹೆಚ್ಚಿನ ಜನ ಇನ್ನೂ ಅದನ್ನೇ ನಂಬಿದ್ದಾರೆ, ಹಾಗಾಗಿ ಸ್ವಲ್ಪ ಹೇಳಬೇಕು. ಹಂದಿಯ ಲಾಡಿಹುಳ ಮೆದುಳು ಸೇರಿ ಫಿಟ್ಸ್ ಬರುತ್ತದೆ ಅನ್ನುವುದು ನಿಜ. ನಮ್ಮ ದೇಶದಲ್ಲಿ ಫಿಟ್ಸ್‌ಗೆ ಅದೊಂದು ದೊಡ್ಡ ಕಾರಣ. ಆದರೆ ಬರುವ ದಾರಿ ಬೇರೆ. ಸರಿಯಾಗಿ ಬೇಯದ ಮಾಂಸ ತಿಂದವನ ಕರುಳಲ್ಲಿ ಹುಳ ಬೆಳೆಯುತ್ತದೆ. ಅದರ ಮೊಟ್ಟೆ ಅವನ ಮಲದಲ್ಲಿ ಹೊರಗೆ ಬರುತ್ತದೆ. ತೊಳೆಯದ ಕೊತ್ತಂಬರಿ ಸೊಪ್ಪಿನಲ್ಲೋ ಕೈ ತೊಳೆಯದ ಅಡುಗೆಯವನ ಬೆರಳಲ್ಲೋ ಆ ಮೊಟ್ಟೆ ಕೂತು ಇನ್ನೊಬ್ಬರ ಹೊಟ್ಟೆ ಸೇರಿದರೆ, ಆಗ ಮರಿಗಳು ಮೆದುಳಿಗೆ ಹೋಗಬಹುದು. ಜನ್ಮದಲ್ಲಿ ಮಾಂಸ ಮುಟ್ಟದವರಿಗೂ ಈ ಕಾಯಿಲೆ ಬರುವುದು ಹೀಗೆ. ಹಂದಿಗೆ ಅಂಟುವುದೂ ಮನುಷ್ಯನ ಮಲದಿಂದಲೇ. ಗೋವಾದ ಹಳೇ ಮನೆಗಳಲ್ಲಿ ಪಾಯಿಖಾನೆಯ ಕೆಳಗೇ ಹಂದಿಗಳು ಬರುತ್ತಿದ್ದವು. ಅಂಥ ಪಾಯಿಖಾನೆ ಹೋದಷ್ಟೂ ರೋಗದ ದಾರಿ ಮುಚ್ಚುತ್ತದೆ. ಯಾರ ಮಡಿಗೂ ಇದಕ್ಕೂ ಸಂಬಂಧವಿಲ್ಲ.

ಇನ್ನು ಕಾರಣವೇ ಬೇಡ ಅನ್ನುವ ಮಾತು. ಡಯಾಲಿಸಿಸ್‌ನಲ್ಲಿ, ಹೃದಯದ ಆಪರೇಷನ್‌ನಲ್ಲಿ ರಕ್ತ ಹೆಪ್ಪುಗಟ್ಟದಂತೆ ಹೆಪಾರಿನ್ ಕೊಡುತ್ತಾರೆ. ಅದು ಹೆಚ್ಚಾಗಿ ಹಂದಿಯ ಕರುಳಿನಿಂದ ಬರುತ್ತದೆ. ಜೀವ ಉಳಿಯಬೇಕಾದಾಗ ಅದನ್ನು ಬೇಡ ಅನ್ನಲೂಬಾರದು. ಗತಿಯಿಲ್ಲದೆ ತಿಂದವನಿಗೆ ಪಾಪವಿಲ್ಲ ಅಂತ ಕುರಾನ್‌ನ 2:173ರಲ್ಲೇ ಇದೆ. ಯೆಹೂದಿಗಳಲ್ಲೂ ಪ್ರಾಣ ಮೊದಲು. ಅಂದರೆ ಧರ್ಮವೇ ಕಾರಣವನ್ನು ತೂಗಿ ನೋಡುತ್ತದೆ. ಕೇಳಬೇಡಿ ಅನ್ನುತ್ತಿರುವವರು ನಾವು.

ನಿಯಮ ತಟ್ಟೆಯೊಳಗೇ ಇದ್ದಿದ್ದರೆ ನಾನೂ ಸುಮ್ನೆ ಇರುತ್ತಿದ್ದೆ. ಮಡಗಾಂವ್‌ನಲ್ಲಿ ಬಾಡಿಗೆ ಮನೆ ನೋಡಲು ಹೋಗಿದ್ದೆ. ಓನರ್ ಬಾಗಲಕೋಟೆ ಕಡೆಯವರು, ಹಿಂದೂ. ಮಟನ್, ಮೀನು ಏನಾದರೂ ಮಾಡ್ಕೊಳ್ಳಿ, ಹಂದಿ ಮಾತ್ರ ಒಳಗೆ ತರಬೇಡಿ ಅಂದರು. ಮನುಸ್ಮೃತಿಯಲ್ಲಿ ಊರಹಂದಿ ಬೇಡ ಅಂತಿದೆ, ನಿಜ. ಅದೇ ಸಾಲಿನಲ್ಲಿ ಬೆಳ್ಳುಳ್ಳಿ, ಈರುಳ್ಳಿ, ಊರಕೋಳಿಯೂ ಬೇಡ ಅಂತಿದೆ. ಅವೆಲ್ಲ ಅವರ ಅಡುಗೆಮನೆಗೆ ಯಾವತ್ತೋ ಬಂದಾಗಿದೆ. ಅವರದೇ ಜಿಲ್ಲೆಯ ಬಾದಾಮಿ ಗುಹೆಯಲ್ಲಿ ವರಾಹ ಭೂದೇವಿಯನ್ನು ಎತ್ತಿಕೊಂಡು ನಿಂತಿದ್ದಾನೆ. ಚಾಲುಕ್ಯರ ಲಾಂಛನವೂ ವರಾಹವೇ. ಹಾಗಾದರೆ ಹಂದಿ ಒಂದೇ ಯಾಕೆ ಹೊರಗೆ? ನಮ್ಮಲ್ಲಿ ಹಂದಿ ಸಾಕುವವರು ಯಾವ ಜಾತಿಯವರು ಅಂತ ನೋಡಿದರೆ ಉತ್ತರ ಸಿಗುತ್ತದೆ.

ಹಂದಿ ಅಂದರೆ ಪಡುವ ಈ ಅಸಹ್ಯವು ಸರ್ಕಾರದ ಕೈಗೆ ಸಿಕ್ಕರೆ ಇನ್ನೂ ಕಷ್ಟ. 2009ರಲ್ಲಿ ಹಂದಿಜ್ವರದ ಗಾಬರಿ ಇತ್ತು. ನಮ್ಮ ದೇಶದ ಮೊದಲ ಸಾವು ಆಗಸ್ಟ್‌ನಲ್ಲಿ ಪುಣೆಯಲ್ಲಿ ಆಯಿತು. ಬೇಯಿಸಿದ ಮಾಂಸ ತಿಂದು ಬರುವ ಜ್ವರ ಅದಲ್ಲ, ಮನುಷ್ಯರಿಂದ ಮನುಷ್ಯರಿಗೆ ಹರಡುವಂಥದ್ದು. ಅದಕ್ಕೂ ಮುಂಚೆ, ಏಪ್ರಿಲ್ ಕೊನೆಗೆ, ಈಜಿಪ್ಟ್ ಸರ್ಕಾರ ದೇಶದ ಹಂದಿಗಳನ್ನೆಲ್ಲ ಕೊಲ್ಲಲು ಹುಕುಂ ಹೊರಡಿಸಿತು. ಸುಮಾರು 3 ಲಕ್ಷ ಹಂದಿ. ಆಗ ಅಲ್ಲಿ ಒಂದೂ ಕೇಸ್ ಇರಲಿಲ್ಲ. ಕೈರೋದಲ್ಲಿ ಹಂದಿ ಸಾಕುತ್ತಿದ್ದವರು ಕಸ ಎತ್ತುವ ಕಾಪ್ಟಿಕ್ ಕ್ರೈಸ್ತರು. ಊರ ಹಸಿ ಕಸ ಹಂದಿಗೆ ಹಾಕಿ, ಹಂದಿ ಮಾರಿ ಬದುಕುತ್ತಿದ್ದರು. ಹಂದಿ ಹೋದ ಮೇಲೆ ಹಸಿ ಕಸ ಒಯ್ದು ಅವರಿಗೆ ಏನೂ ಗಿಟ್ಟುತ್ತಿರಲಿಲ್ಲ. ಅದು ಕೈರೋದ ಬೀದಿಯಲ್ಲೇ ರಾಶಿ ಬಿದ್ದು ಕೊಳೆಯಿತು, ಹಂದಿ ತಿನ್ನುವವರ ಮನೆ ಮುಂದೆಯೂ, ತಿನ್ನದವರ ಮನೆ ಮುಂದೆಯೂ.