ಅಭಿಮಾನಿ ದೇವರುಗಳ ಅಂಕಗಣಿತ

2019ರ ಜುಲೈ 14ರ ಭಾನುವಾರ ಲಂಡನ್ ನಗರ ಒಂದೇ ಹೊತ್ತಿಗೆ ಎರಡು ಫೈನಲ್‌ಗಳನ್ನು ನಡೆಸಿಕೊಟ್ಟಿತು. ಲಾರ್ಡ್ಸ್ ಮೈದಾನದಲ್ಲಿ ಇಂಗ್ಲೆಂಡ್ ಮತ್ತು ನ್ಯೂಜಿಲೆಂಡ್ ತಂಡಗಳು ತಲಾ 241 ರನ್ ಗಳಿಸಿ, ಸೂಪರ್ ಓವರಿನಲ್ಲಿಯೂ ತಲಾ 15 ರನ್ ಗಳಿಸಿ ಸರಿಸಮವಾದಾಗ, ಬೌಂಡರಿಗಳನ್ನು ಎಣಿಸಿ, 26 ಬೌಂಡರಿಯ ಇಂಗ್ಲೆಂಡಿಗೆ ವಿಶ್ವಕಪ್ಪನ್ನೂ 17 ಬೌಂಡರಿಯ ನ್ಯೂಜಿಲೆಂಡಿಗೆ ಸಹಾನುಭೂತಿಯನ್ನೂ ಹಂಚಲಾಯಿತು. ವಿಂಬಲ್ಡನ್ ಟೆನಿಸ್ಸಿನ ಸೆಂಟರ್ ಕೋರ್ಟಿನಲ್ಲಿ 4 ಗಂಟೆ 57 ನಿಮಿಷಗಳ ಸೆಣಸಾಟದ ಕೊನೆಗೆ ನೊವಾಕ್ ಜೊಕೊವಿಚ್ ಅವರು ರೋಜರ್ ಫೆಡರರ್ ಅವರನ್ನು 7-6, 1-6, 7-6, 4-6, 13-12ರಿಂದ ಸೋಲಿಸಿದರು. ನಮ್ಮಲ್ಲಿ ಆಗ ನಡುರಾತ್ರಿ ಸಮೀಪಿಸಿತ್ತು. ರಿಮೋಟನ್ನು ಒತ್ತಿ ಒತ್ತಿ ಎರಡನ್ನೂ ನೋಡಿ ಮುಗಿಸಿದ ಕ್ರೀಡಾಭಿಮಾನಿಗಳು ಮಲಗುವ ಮುನ್ನ ಎರಡು ತೀರ್ಪುಗಳನ್ನು ಹೊರಡಿಸಿದರು. ರನ್ನುಗಳ ಆಟದಲ್ಲಿ ಬೌಂಡರಿ ಎಣಿಸಿ ಕಪ್ ಕೊಡುವುದು ಮಹಾ ಅನ್ಯಾಯವೆಂಬುದು ಮೊದಲನೆಯದು. ಫೆಡರರ್ ಒಟ್ಟು 218 ಅಂಕಗಳನ್ನೂ ಜೊಕೊವಿಚ್ ಬರೀ 204 ಅಂಕಗಳನ್ನೂ ಗೆದ್ದಿರುವುದರಿಂದ, ಸೆಟ್ಟುಗಳ ಆಟದಲ್ಲಿ (ಅಂಕಗಳು ಸೇರಿ ಗೇಮ್, ಗೇಮುಗಳು ಸೇರಿ ಸೆಟ್) ಅಂಕಗಳನ್ನು ಎಣಿಸಿ ಕಪ್ಪನ್ನು ಫೆಡರರ್‌ಗೆ ಕೊಡಬೇಕಾಗಿತ್ತೆಂಬುದು ಎರಡನೆಯದು.

ಈ ಎರಡು ತೀರ್ಪುಗಳ ನಡುವೆ ಒಂದು ಲೋಟ ನೀರು ಕುಡಿಯುವಷ್ಟು ಬಿಡುವನ್ನೂ ಅವರು ತೆಗೆದುಕೊಳ್ಳಲಿಲ್ಲವೆಂಬುದು ನಮ್ಮ ಬೆರಗಿಗೆ ಕಾರಣ. ಜುಲೈ 10ರಂದು ಮ್ಯಾಂಚೆಸ್ಟರಿನ ಸೆಮಿಫೈನಲ್‌ನಲ್ಲಿ ಇದೇ ನ್ಯೂಜಿಲೆಂಡ್ ಭಾರತವನ್ನು 18 ರನ್ನುಗಳಿಂದ ಮನೆಗೆ ಕಳಿಸಿದಾಗ ಹಿಡಿಶಾಪ ಹಾಕಿದ್ದವರು, ಭಾನುವಾರದ ಹೊತ್ತಿಗೆ ಆ ತಂಡಕ್ಕಾಗಿ ಕಣ್ಣೀರು ಸುರಿಸುವಷ್ಟು ಉದಾರಿಗಳಾಗಿದ್ದರೆಂಬುದನ್ನು ಇಲ್ಲಿ ದಾಖಲಿಸದಿದ್ದರೆ ತಪ್ಪಾದೀತು.

ಫೆಡರರ್ ಪರವಾದ ಲೆಕ್ಕಪತ್ರ ಬಹಳ ಅಚ್ಚುಕಟ್ಟಾದದ್ದೆಂಬುದನ್ನು ಒಪ್ಪಲೇಬೇಕು. ಅವರ ಏಸ್‌ಗಳು (ಎದುರಾಳಿ ಮುಟ್ಟಲಾಗದ ಸರ್ವ್‌ಗಳು) 25, ಎದುರಾಳಿಯವು 10. ಅವರ ವಿನ್ನರ್ ಹೊಡೆತಗಳು 94, ಎದುರಾಳಿಯವು 54. ಐದೂ ಸೆಟ್ಟುಗಳ ಗೇಮುಗಳನ್ನು ಕೂಡಿದರೆ ಅವರವು 36, ಎದುರಾಳಿಯವು 32. ಐದನೆಯ ಸೆಟ್ಟಿನಲ್ಲಿ 8-7ರಿಂದ ಮುಂದಿದ್ದು, ತಾವೇ ಸರ್ವ್ ಮಾಡುತ್ತ, 40-15ರಲ್ಲಿ ನಿಂತು, ಒಂದನ್ನು ಗೆದ್ದರೂ ಕಪ್ ಸಿಗುವ ಎರಡು ಚಾಂಪಿಯನ್‌ಷಿಪ್ ಪಾಯಿಂಟ್‌ಗಳನ್ನು ಕೈಯಲ್ಲಿ ಹಿಡಿದಿದ್ದರು. ಮೊದಲನೆಯದರಲ್ಲಿ ಅವರ ಫೋರ್‌ಹ್ಯಾಂಡ್ ಗೆರೆಯಾಚೆ ಹೋಯಿತು. ಎರಡನೆಯದರಲ್ಲಿ ಅವರು ನೆಟ್ಟಿಗೆ ನುಗ್ಗಿದಾಗ ಜೊಕೊವಿಚ್ ಚೆಂಡನ್ನು ಅಡ್ಡಲಾಗಿ ದಾಟಿಸಿಬಿಟ್ಟರು. ಲೆಕ್ಕಪತ್ರದಲ್ಲಿ ಜಾಗ ಸಿಗದ ಒಂದು ಸಣ್ಣ ವಿವರವೂ ಇದೆ. ಗೇಮುಗಳು ಸರಿಸಮವಾದಾಗ ಸೆಟ್ ಯಾರದೆಂದು ತೀರ್ಮಾನಿಸಲು ಅಂದು ಆಡಿದ ಮೂರು ಟೈಬ್ರೇಕುಗಳಲ್ಲಿ ಮೂರನ್ನೂ ಜೊಕೊವಿಚ್ ಗೆದ್ದರು. ಮೂರು ಸೆಟ್ ಗೆದ್ದವರಿಗೆ ಕಪ್ ಕೊಡುವ ಹಳೆಯ ದುರಭ್ಯಾಸ ವಿಂಬಲ್ಡನ್ನಿಗೆ ಇರುವುದರಿಂದ ಈ ವಿವರ ಅಲ್ಲಿ ಉಪಯೋಗಕ್ಕೆ ಬಂತು. ಅಭಿಮಾನಿಗಳಿಗೆ ಅದರ ಅಗತ್ಯ ಬೀಳಲಿಲ್ಲ. ಚುನಾವಣೆಯ ಫಲಿತಾಂಶದ ಸಂಜೆ ಠೇವಣಿ ಕಳೆದುಕೊಂಡವರ ಬಾಯಲ್ಲಿ ಮಾತ್ರ ನಾವು ಕೇಳಿ ಬಲ್ಲ ‘ನೈತಿಕ ಗೆಲುವು’ ಅಂದಿನಿಂದ ಟೆನಿಸ್ಸಿನಲ್ಲಿಯೂ ನೆಲೆಗೊಂಡಿತು.

ಆದರೆ ಎಣಿಸುವ ಕೆಲಸಕ್ಕೆ ಕೈ ಹಾಕಿದ ಮೇಲೆ ಹಿಂದಿನ ಪುಟಗಳನ್ನೂ ತಿರುವಬೇಕಾಗುತ್ತದೆ. 2009ರ ವಿಂಬಲ್ಡನ್ ಫೈನಲ್‌ನಲ್ಲಿ ಇದೇ ಫೆಡರರ್ ಅಮೆರಿಕದ ಆಂಡಿ ರಾಡಿಕ್ ಅವರನ್ನು 5-7, 7-6, 7-6, 3-6, 16-14ರಿಂದ ಸೋಲಿಸಿದರು. ಗೇಮುಗಳನ್ನು ಕೂಡಿ ನೋಡಿ: ಸೋತ ರಾಡಿಕ್ ಅವರದು 39, ಗೆದ್ದ ಫೆಡರರ್ ಅವರದು 38. ಪಂದ್ಯದುದ್ದಕ್ಕೂ ರಾಡಿಕ್ ತಾವು ಸರ್ವ್ ಮಾಡಿದ ಗೇಮನ್ನು ಕಳೆದುಕೊಂಡದ್ದು ಒಂದೇ ಒಂದು ಬಾರಿ, ಅದೂ ಕಟ್ಟಕಡೆಯ ಗೇಮಿನಲ್ಲಿ. 2019ರಲ್ಲಿ ಮುಳುಗಿಹೋದ ನೈತಿಕತೆ ಹತ್ತು ವರ್ಷಗಳ ಹಿಂದೆ ಎಲ್ಲಿ ಮಲಗಿತ್ತೆಂದು ಕೇಳಿದರೆ, ಆ ಪಂದ್ಯದಲ್ಲಿ ಎಣಿಸಬೇಕಾದದ್ದು ಗೇಮುಗಳನ್ನಲ್ಲ, ಧೈರ್ಯವನ್ನು ಎಂಬ ಉತ್ತರ ಸಿಗುತ್ತದೆ. ಅಭಿಮಾನಿಗಳ ನಿಯಮಾವಳಿಯ ಪ್ರಕಾರ, ನಮ್ಮವರು ಮ್ಯಾಚ್ ಪಾಯಿಂಟ್ ಉಳಿಸಿಕೊಂಡರೆ ಅದು ಕೆಚ್ಚು, ಎದುರಿನವರು ಉಳಿಸಿಕೊಂಡರೆ ಅದೃಷ್ಟ. ನಮ್ಮವರು ತಪ್ಪಿದರೆ ಬೆನ್ನುನೋವು, ಎದುರಿನವರು ತಪ್ಪಿದರೆ ಯೋಗ್ಯತೆ.

ತಾಳಮದ್ದಳೆಯ ಅರ್ಥಧಾರಿಯೂ ಇಂದು ಕರ್ಣನ ಪಕ್ಷದಲ್ಲಿ ಕೂತು ಅರ್ಜುನನ ಬೆವರಿಳಿಸುತ್ತಾನೆ, ನಾಳೆ ಅರ್ಜುನನಾಗಿ ಕರ್ಣನ ಹುಳುಕನ್ನೆಲ್ಲ ಹೊರಗೆಳೆಯುತ್ತಾನೆ. ಭಾಗವತರು ಮಂಗಳ ಹಾಡಿದ ಮೇಲೆ ಇಬ್ಬರೂ ಒಟ್ಟಿಗೆ ಕೂತು ಚಹಾ ಕುಡಿಯುತ್ತಾರೆ. ಟೆನಿಸ್ ಅಭಿಮಾನಿಗಳ ಕೂಟದಲ್ಲಿ ಮಂಗಳ ಹಾಡುವ ಪದ್ಧತಿ ಇಲ್ಲ.

ಜೊಕೊವಿಚ್ ಅವರ ಅಭಿಮಾನಿಗಳು ಇದಕ್ಕಿಂತ ಮೇಲೆಂದು ಯಾರೂ ಭಾವಿಸಬೇಕಾಗಿಲ್ಲ. ಅಂದು ಸೆಂಟರ್ ಕೋರ್ಟಿನ ಬಹುಪಾಲು ಜನ ಫೆಡರರ್ ಹೆಸರನ್ನು ಕೂಗುತ್ತಿದ್ದರು. ಆ ಕೂಗನ್ನು ತಮ್ಮದೇ ಹೆಸರೆಂದು ಕೇಳಿಸಿಕೊಂಡು ಆಡಿದೆನೆಂದು ಜೊಕೊವಿಚ್ ಪಂದ್ಯದ ನಂತರ ನಗುತ್ತಲೇ ಹೇಳಿದರು. ಆಟಗಾರರು ನಕ್ಕು ಮರೆತದ್ದನ್ನು ಅವರ ಅಭಿಮಾನಿಗಳು ಮರೆಯಲಿಲ್ಲ. ಐದನೆಯ ಬಾರಿಗೆ ವಿಂಬಲ್ಡನ್ ಗೆದ್ದ, ಕೈಯಲ್ಲಿ 16 ಗ್ರ್ಯಾಂಡ್‌ಸ್ಲಾಮ್ (ಟೆನಿಸ್ಸಿನ ನಾಲ್ಕು ಮಹಾ ಟೂರ್ನಿಗಳ ಪ್ರಶಸ್ತಿ) ಇರುವ ಮನುಷ್ಯನನ್ನು ಜಗತ್ತಿನ ಅತ್ಯಂತ ಶೋಷಿತ ಜೀವಿಯೆಂದು ಸಾಬೀತುಪಡಿಸಲು ಅವರು ಪಟ್ಟ ಪರಿಶ್ರಮ ಸಾಮಾನ್ಯವಾದದ್ದಲ್ಲ.

ಎಲ್ಲಕ್ಕಿಂತ ಸೂಕ್ಷ್ಮವಾದ ಗಣಿತ ರಫೆಲ್ ನಡಾಲ್ ಅವರ ಅಭಿಮಾನಿಗಳದು. ಶುಕ್ರವಾರದ ಸೆಮಿಫೈನಲ್‌ನಲ್ಲಿ ನಡಾಲ್ ಫೆಡರರ್‌ಗೆ ಸೋತರು. ಆಗ ಫೆಡರರ್ ಬಳಿ 20, ನಡಾಲ್ ಬಳಿ 18, ಜೊಕೊವಿಚ್ ಬಳಿ 15 ಗ್ರ್ಯಾಂಡ್‌ಸ್ಲಾಮ್‌ಗಳಿದ್ದವು. 20ರವರು ಗೆದ್ದು 21 ಆಗುವುದಕ್ಕಿಂತ 15ರವರು ಗೆದ್ದು 16 ಆದರೆ ನಮ್ಮವರಿಗೆ ಕ್ಷೇಮವೆಂದು ಕೂಡಿಸಿ ಕಳೆದು, ಶನಿವಾರವಿಡೀ ಮನಸ್ಸನ್ನು ಹದಗೊಳಿಸಿ, ಭಾನುವಾರ ಅವರು ಜೊಕೊವಿಚ್ ಭಕ್ತರಾದರು. ಅವರ ಪ್ರಾರ್ಥನೆ ಅಗತ್ಯಕ್ಕಿಂತ ಹೆಚ್ಚೇ ಫಲಿಸಿತು: ಮೂವರಲ್ಲಿ ಫೆಡರರ್ 20ಕ್ಕೆ ನಿಂತರು, ನಡಾಲ್ 22ಕ್ಕೆ ನಿಂತರು, ಜೊಕೊವಿಚ್ 24ರವರೆಗೆ ನಡೆದರು.

ಶನಿವಾರ ಎಂದಾಗ ನೆನಪಾಯಿತು, ಅಂದು ಮಹಿಳೆಯರ ಫೈನಲ್ ಕೂಡ ನಡೆದಿತ್ತು. ರೊಮೇನಿಯಾದ ಸಿಮೋನಾ ಹಲೆಪ್ ಅವರು ಸೆರೆನಾ ವಿಲಿಯಮ್ಸ್ ಅವರನ್ನು 6-2, 6-2ರಿಂದ 56 ನಿಮಿಷಗಳಲ್ಲಿ ಸೋಲಿಸಿದರು. ಇಡೀ ಪಂದ್ಯದಲ್ಲಿ ಹಲೆಪ್ ತಾವಾಗಿ ಮಾಡಿಕೊಂಡ ತಪ್ಪುಗಳು ಮೂರೇ ಮೂರು. ಇಷ್ಟು ನಿರ್ದೋಷವಾದ ಆಟವನ್ನು ಕಂಡ ಅಭಿಮಾನಿಗಳು ಕೂಡಲೇ ಚರ್ಚಿಸಿದ್ದು, ಸೆರೆನಾಗೆ ಏನಾಯಿತು ಎಂಬ ವಿಷಯವನ್ನು. ಹಲೆಪ್ ಗೆದ್ದರೆಂಬ ಸುದ್ದಿ ಹಲವರಿಗೆ ತಲುಪಿದ್ದೇ ಅನುಮಾನ. ಇನ್ನು ಕೆಲವರು, ಪುರುಷ ಮತ್ತು ಮಹಿಳಾ ಚಾಂಪಿಯನ್ನರಿಗೆ ಆ ವರ್ಷ ಸಮಾನವಾಗಿ ಸಿಕ್ಕ 23.5 ಲಕ್ಷ ಪೌಂಡನ್ನು 56ರಿಂದ ಭಾಗಿಸಿ, ನಿಮಿಷಕ್ಕೆ ಇಷ್ಟು ಸಂಬಳವೇ ಎಂದು ಹೌಹಾರಿದರು. ಆಪರೇಷನ್ ಬೇಗ ಮುಗಿಸಿದ ವೈದ್ಯರ ಶುಲ್ಕವನ್ನು ಇವರು ಕಡಿತ ಮಾಡುತ್ತಾರೆಯೇ ಎಂದು ಯಾರೂ ಕೇಳಲಿಲ್ಲ.

ಒಟ್ಟು ಅಂಕಗಳ ಪಂಥದವರಿಗೆ ಕೊನೆಯ ಪೆಟ್ಟು ಕೊಟ್ಟವರು ಸ್ವತಃ ಫೆಡರರ್. 2024ರ ಜೂನ್‌ನಲ್ಲಿ ಅಮೆರಿಕದ ಡಾರ್ಟ್‌ಮತ್ ಕಾಲೇಜಿನ ಘಟಿಕೋತ್ಸವದಲ್ಲಿ ಮಾತನಾಡುತ್ತ, ತಾವು ಆಡಿದ 1,526 ಸಿಂಗಲ್ಸ್ ಪಂದ್ಯಗಳಲ್ಲಿ ಸುಮಾರು ಶೇ 80ರಷ್ಟನ್ನು ಗೆದ್ದಿದ್ದರೂ, ಗೆದ್ದ ಅಂಕಗಳು ಶೇ 54 ಮಾತ್ರವೆಂದು ಅವರು ವಿದ್ಯಾರ್ಥಿಗಳಿಗೆ ತಿಳಿಸಿದರು. ಅಂಕಗಳನ್ನು ಎಣಿಸಿಯೇ ಕಪ್ ಹಂಚುವುದಾದರೆ ತಮ್ಮ ದೇವರು ಎರಡನೇ ದರ್ಜೆಯಲ್ಲಿ ಪಾಸಾದವರೆಂಬುದು ಭಕ್ತರ ಗಮನಕ್ಕೆ ಬಂದಂತೆ ಕಾಣಲಿಲ್ಲ. ಅವರು ಆ ಭಾಷಣದ ವಿನಯವನ್ನು ಕೊಂಡಾಡಿ 218ರ ಕಡೆಗೆ ಮರಳಿದರು.

ಇಷ್ಟರಲ್ಲಿ ನಿಯಮ ಮಾಡುವವರು ಸುಮ್ಮನೆ ಕೂತಿರಲಿಲ್ಲ. ಅಂತರರಾಷ್ಟ್ರೀಯ ಕ್ರಿಕೆಟ್ ಮಂಡಳಿ 2019ರ ಅಕ್ಟೋಬರ್‌ನಲ್ಲಿಯೇ ಬೌಂಡರಿ ಎಣಿಕೆಯನ್ನು ಕೈಬಿಟ್ಟಿತು. ನಾಲ್ಕೂ ಗ್ರ್ಯಾಂಡ್‌ಸ್ಲಾಮ್‌ಗಳು 2022ರಲ್ಲಿ ಒಂದಾಗಿ, ಕೊನೆಯ ಸೆಟ್ 6-6 ಆದೊಡನೆ ಹತ್ತು ಅಂಕಗಳ ಟೈಬ್ರೇಕ್ ಆಡಿಸುವುದೆಂದು ಗೊತ್ತುಮಾಡಿದವು. ಈ ನಿಯಮ 2019ರಲ್ಲಿಯೇ ಇದ್ದಿದ್ದರೆ 13-12ರ ಯಾತನೆ ಇರುತ್ತಿರಲಿಲ್ಲವೆಂದು ಫೆಡರರ್ ಅಭಿಮಾನಿಗಳು ಮೊದಲು ಸಂತೋಷಪಟ್ಟರು. ಆಮೇಲೆ ಯಾರೋ ಲೆಕ್ಕ ಮುಂದುವರಿಸಿ, 6-6ಕ್ಕೆ ಸೆಟ್ ಟೈಬ್ರೇಕಿಗೆ ಹೋಗಿದ್ದರೆ 8-7 ಎಂಬ ಗೇಮ್ ಹುಟ್ಟುತ್ತಲೇ ಇರಲಿಲ್ಲ, 40-15 ಬರುತ್ತಿರಲಿಲ್ಲ, ಕೈತಪ್ಪಿದ ಆ ಎರಡು ಚಾಂಪಿಯನ್‌ಷಿಪ್ ಪಾಯಿಂಟ್‌ಗಳೂ ಇರುತ್ತಿರಲಿಲ್ಲ ಎಂದು ತೋರಿಸಿಕೊಟ್ಟರು. ಇಷ್ಟು ವರ್ಷ ಜೋಪಾನ ಮಾಡಿದ ಶೋಕವನ್ನು ಒಂದು ಸುತ್ತೋಲೆಗೆ ಒಪ್ಪಿಸಲು ಅವರು ಸಿದ್ಧರಿರಲಿಲ್ಲ. ಹೊಸ ನಿಯಮವನ್ನು ತಾವು ಸ್ವಾಗತಿಸುವುದಾಗಿಯೂ, ಅದನ್ನು ಊಹೆಯಲ್ಲಿಯೂ 2019ಕ್ಕೆ ಅನ್ವಯಿಸಕೂಡದೆಂದೂ ಅವರ ಸದ್ಯದ ನಿಲುವು.