ಅಳಿವೆಯಿಂದ ಅಳಿವೆಗೆ

ಮಂಗಳೂರಿನಿಂದ ಕಾರವಾರಕ್ಕೆ ಸುಮಾರು 270 ಕಿಲೋಮೀಟರ್. ಚತುಷ್ಪಥ ರಸ್ತೆ ಬಹುಪಾಲು ಮುಗಿದಿರುವುದರಿಂದ ಬೆಳಗಿನ ತಿಂಡಿ ತಿಂದು ಹೊರಟವರು ಮಧ್ಯಾಹ್ನದ ಊಟದ ಹೊತ್ತಿಗೆ ಕಾಳಿ ನದಿಯನ್ನು ದಾಟಿ ಗೋವಾ ಗಡಿ ಮುಟ್ಟಬಹುದು. ಬೆಂಗಳೂರು, ಮೈಸೂರು ಕಡೆಯ ನಮ್ಮಂಥವರು ಈ ದಾರಿಯನ್ನು ಹೆಚ್ಚಾಗಿ ಬಳಸುವುದೇ ಹಾಗೆ. ಮರವಂತೆಯಲ್ಲಿ ಹತ್ತು ನಿಮಿಷ, ಮುರ್ಡೇಶ್ವರದಲ್ಲಿ ಒಂದು ಗಂಟೆ, ಪುರುಸೊತ್ತಿದ್ದರೆ ಗೋಕರ್ಣದಲ್ಲಿ ಒಂದು ರಾತ್ರಿ, ಆಮೇಲೆ ಗೋವಾ. ಮೂರು ಜಿಲ್ಲೆಗಳ ಕರಾವಳಿಯನ್ನು ಗೋವಾಕ್ಕೆ ಹೋಗುವ ಓಣಿಯನ್ನಾಗಿ ಮಾಡಿಕೊಂಡಿರುವ ಈ ಅಭ್ಯಾಸದ ಬಗ್ಗೆ ನನಗೆ ಬಹಳ ದಿನಗಳಿಂದ ತಕರಾರಿದೆ. ಕಳೆದ ನವೆಂಬರಿನಲ್ಲಿ ನಾನೂ ನನ್ನ ಯಜಮಾನರೂ ಅದೇ ದಾರಿಯನ್ನು ಅವಸರವಿಲ್ಲದೆ, ಹೆದ್ದಾರಿಯನ್ನು ಆದಷ್ಟು ಬಿಟ್ಟು ಹೋಗಿಬಂದ ಮೇಲೆ ಆ ತಕರಾರು ಇನ್ನಷ್ಟು ಗಟ್ಟಿಯಾಗಿದೆ.

ಕರಾವಳಿ ಎಂದರೆ ಬೀಚು ಎಂಬ ತಿಳಿವಳಿಕೆ ಘಟ್ಟದ ಮೇಲಿನವರದು. ಅಲ್ಲಿಯವರ ಬದುಕು ನಿಂತಿರುವುದು ಅಳಿವೆಗಳ ಮೇಲೆ, ಅಂದರೆ ಹೊಳೆಗಳು ಕಡಲನ್ನು ಸೇರುವ ಬಾಗಿಲುಗಳ ಮೇಲೆ. ನೇತ್ರಾವತಿ, ಫಲ್ಗುಣಿ, ಶಾಂಭವಿ, ಪಾಪನಾಶಿನಿ, ಸುವರ್ಣಾ, ಸೀತಾ, ಪಂಚಗಂಗಾವಳಿಯ ಹೊಳೆಗಳು, ಶರಾವತಿ, ಅಘನಾಶಿನಿ, ಗಂಗಾವಳಿ, ಕಾಳಿ: ದಕ್ಷಿಣದಿಂದ ಉತ್ತರಕ್ಕೆ ಹೋಗುವವರಿಗೆ ಇವು ಒಂದಾದ ಮೇಲೊಂದು ಎದುರಾಗುತ್ತವೆ. ಘಟ್ಟ ಕಡಲಿಗೆ ತೀರಾ ಹತ್ತಿರವಿರುವುದರಿಂದ ಇವುಗಳಲ್ಲಿ ಹೆಚ್ಚಿನವು ಗಿಡ್ಡ ಹೊಳೆಗಳು. ಮಳೆಗಾಲದಲ್ಲಿ ರಭಸದಿಂದ ಮಣ್ಣುಮರಳು ಹೊತ್ತು ತರುತ್ತವೆ. ಕಡಲಿನ ಅಲೆಗಳು ಆ ಮರಳನ್ನು ಹೊಳೆಯ ಬಾಯಿಗೆ ಅಡ್ಡಲಾಗಿ ಒಟ್ಟುತ್ತವೆ. ಆಗ ಹೊಳೆ ತಿರುಗಿ, ಕಡಲಿನ ಮಗ್ಗುಲಲ್ಲೇ ಮೈಲಿಗಟ್ಟಲೆ ಹರಿದು, ಎಲ್ಲೋ ಸಂದು ಹುಡುಕಿಕೊಂಡು ಒಳಸೇರುತ್ತದೆ. ಒಂದು ಬದಿಗೆ ಹೊಳೆ, ಇನ್ನೊಂದು ಬದಿಗೆ ಕಡಲು, ನಡುವೆ ತೆಂಗಿನ ತೋಟಗಳ ಕಿರಿದಾದ ಪಟ್ಟಿ. ಕರಾವಳಿಯ ಅತ್ಯಂತ ಚೆಂದದ ದಾರಿಗಳು ಇರುವುದು ಇಂಥ ಪಟ್ಟಿಗಳ ಮೇಲೆ. ಹೆದ್ದಾರಿಯಲ್ಲಿ ಹೋಗುವವರಿಗೆ ಇವು ಕಾಣಿಸುವುದಿಲ್ಲ. ಅವರಿಗೆ ಸಿಗುವುದು ಸೇತುವೆಯ ಕಟಕಟೆ ಮಾತ್ರ.

ನಾವು ಕೊಡಗಿನ ಮೇಲಿಂದ ಸಂಪಾಜೆ ಇಳಿದು ಮಂಗಳೂರು ಸೇರಿ ಅಲ್ಲಿಂದ ಉತ್ತರಕ್ಕೆ ಹೊರಟೆವು. ದಿಕ್ಕಿನ ವಿಷಯವನ್ನು ಯಾರೂ ಹೇಳುವುದಿಲ್ಲವಾದ್ದರಿಂದ ಹೇಳಿಬಿಡುತ್ತೇನೆ: ಉತ್ತರಕ್ಕೆ ಹೋಗುವಾಗ ಕಡಲು ಎಡಕ್ಕಿರುತ್ತದೆ, ಅಂದರೆ ಚಾಲಕರ ಪಕ್ಕದ ಸೀಟಿನವರ ಪಾಲಿಗೆ. ಸ್ಟಿಯರಿಂಗ್ ಹಿಡಿದವರಿಗೆ ಘಟ್ಟದ ಸಾಲು. ಇಬ್ಬರೂ ಡ್ರೈವ್ ಮಾಡುವವರಾಗಿದ್ದರಿಂದ ಪ್ರತಿ ಹೊಳೆಗೊಮ್ಮೆ ಸೀಟು ಬದಲಾಯಿಸುವುದೆಂದು ಒಪ್ಪಂದವಾಯಿತು; ಶರಾವತಿಯ ಸರದಿ ನನ್ನದೆಂದು ನಾನು, ತಮ್ಮದೆಂದು ಅವರು ವಾದಿಸಿದ್ದನ್ನು ಬಿಟ್ಟರೆ ಒಪ್ಪಂದ ಕೊನೆಯವರೆಗೂ ನಡೆಯಿತು. ಇನ್ನೊಂದು ಸಂಗತಿ, ನಾನು ಮೀನು ತಿನ್ನುವವಳು, ಅವರು ತಿನ್ನುವುದಿಲ್ಲ. ಇಂಥ ಜೋಡಿಗೆ ಕರಾವಳಿಯಷ್ಟು ಹೊಂದುವ ಜಾಗ ಬೇರೆ ಇರಲಾರದು. ಉಡುಪಿಯ ಗೋಳಿಬಜೆಯೂ ಮಲ್ಪೆಯ ಬಂಗುಡೆಯೂ ಒಂದೇ ಗಾಳಿಯಲ್ಲಿ ಬೆಳೆದವು, ಒಂದು ಇನ್ನೊಂದಕ್ಕಿಂತ ಕಡಿಮೆಯೆಂದು ಅಲ್ಲಿ ಯಾರಿಗೂ ಅನ್ನಿಸುವುದಿಲ್ಲ.

ಮಂಗಳೂರಿನಿಂದ ಪಡುಬಿದ್ರಿಯವರೆಗಿನ ದಾರಿಯ ಬಗ್ಗೆ ಹೇಳುವುದು ಹೆಚ್ಚೇನಿಲ್ಲ. ಕಾರ್ಖಾನೆ, ಟೋಲು, ಟ್ಯಾಂಕರುಗಳು. ಕಾಪುವಿನ ದೀಪಸ್ತಂಭ 1901ರದು, ಬಂಡೆಯ ಮೇಲೆ ನಿಂತಿದೆ, ಸಂಜೆ ಜನ ಕಿಕ್ಕಿರಿಯುತ್ತಾರೆ. ಆದರೆ ಕಾಪುವಿನಿಂದ ಹೆದ್ದಾರಿಗೆ ಮರಳದೆ ಕಡಲಂಚಿನ ದಾರಿಯನ್ನೇ ಹಿಡಿದರೆ ಮಟ್ಟು ಗ್ರಾಮ ಬರುತ್ತದೆ. ಉಡುಪಿಯ ಊಟದ ಎಲೆಗೆ ಬರುವ ಮಟ್ಟುಗುಳ್ಳದ ಊರು ಇದೇ. ತಿಳಿಹಸಿರು ಬಣ್ಣದ, ಬಿಳಿ ಗೆರೆಗಳ, ತೊಟ್ಟಿನಲ್ಲಿ ಸಣ್ಣ ಮುಳ್ಳಿರುವ ಈ ದುಂಡು ಬದನೆಯ ಬೀಜವನ್ನು ವಾದಿರಾಜ ಯತಿಗಳು ಕೊಟ್ಟರೆಂಬುದು ಪ್ರತೀತಿ. 2011ರಲ್ಲಿ ಅದಕ್ಕೆ ಜಿಐ, ಅಂದರೆ ಭೌಗೋಳಿಕ ಗುರುತಿನ, ಮಾನ್ಯತೆಯೂ ಬಂತು. ಕಡಲಿಗೂ ಹೊಳೆಗೂ ನಡುವಿನ ಮರಳುಮಿಶ್ರಿತ ಗದ್ದೆಯಲ್ಲಿ ಬೆಳೆಯುವ ಕಾಯಿ ಅದು, ಆ ಮಣ್ಣಿಲ್ಲದೆ ಆ ರುಚಿಯಿಲ್ಲ ಎನ್ನುತ್ತಾರೆ ಬೆಳೆಯುವವರು.

ಮಟ್ಟು ದಾಟಿದ ಮೇಲೆ ಪಡುಕೆರೆ. ಇಲ್ಲಿ ನಾವು ಇಡೀ ಬೆಳಗನ್ನು ಕಳೆದದ್ದು ಕೈರಂಪಣಿ ನೋಡುತ್ತ. ದೋಣಿಯೊಂದು ದಡದಿಂದ ಬಲೆಯನ್ನು ಬಿಡುತ್ತ ಹೋಗಿ, ಅರ್ಧಚಂದ್ರದಂತೆ ಸುತ್ತಿ, ದೂರದಲ್ಲಿ ಮತ್ತೆ ದಡಕ್ಕೆ ಬಂತು. ಬಲೆಯ ಎರಡೂ ತುದಿಯ ಹಗ್ಗಗಳನ್ನು ಎರಡು ಗುಂಪುಗಳು ಹಿಡಿದು ಎಳೆಯತೊಡಗಿದವು. ಹಿಂದಕ್ಕೆ ವಾಲಿ, ಹಿಮ್ಮಡಿಯನ್ನು ಮರಳಿಗೆ ಊರಿ, ಒಂದೊಂದೇ ಹೆಜ್ಜೆ ಹಿಂದಕ್ಕೆ ಇಡುತ್ತಾರೆ. ಸಾಲಿನ ಕೊನೆಯವನು ಹಗ್ಗ ಬಿಟ್ಟು ನೀರಿನಂಚಿಗೆ ಓಡಿಹೋಗಿ ಮೊದಲನೆಯವನಾಗುತ್ತಾನೆ. ಎರಡು ಗುಂಪುಗಳೂ ನಿಧಾನವಾಗಿ ಒಂದರ ಹತ್ತಿರ ಇನ್ನೊಂದು ಸರಿಯುತ್ತ ಬರುತ್ತವೆ. ಗಂಟೆಗೂ ಮೀರಿದ ಎಳೆತದ ಮೇಲೆ ಬಲೆಯ ಹೊಟ್ಟೆ ದಡಕ್ಕೆ ಬಂದಾಗ ಅದರಲ್ಲಿದ್ದದ್ದು ಕೆಲವು ಬುಟ್ಟಿ ಬೂತಾಯಿ, ಸ್ವಲ್ಪ ಬಂಗುಡೆ, ಒಂದಿಷ್ಟು ಲೋಳೆಮೀನು. ಯಾರೂ ಬೇಸರಪಟ್ಟುಕೊಳ್ಳಲಿಲ್ಲ, ಪಾಲು ಹಾಕಿದರು. ಎಪ್ಪತ್ತರ ದಶಕದಲ್ಲಿ ಮೀನಿನ ಹಿಂಡನ್ನೇ ಬಲೆಯಿಂದ ಸುತ್ತುವರಿಯುವ ಪರ್ಸೀನ್ ಬೋಟುಗಳು ಬರುವವರೆಗೆ ಈ ಕಡಲ ತೀರದ ದೊಡ್ಡ ಮೀನುಗಾರಿಕೆ ಎಂದರೆ ರಂಪಣಿಯೇ ಆಗಿತ್ತು. ಒಂದು ಬಲೆಯ ಮೇಲೆ ಇಡೀ ಕೇರಿ ಬದುಕುತ್ತಿತ್ತು. ಮೀನು ತಿನ್ನದ ನನ್ನ ಯಜಮಾನರು ಕೊನೆಯ ಹತ್ತು ನಿಮಿಷ ತಾವೂ ಹಗ್ಗಕ್ಕೆ ಕೈಹಾಕಿದರು. ಪಾಲು ಹಾಕುವಾಗ ಹಿರಿಯರೊಬ್ಬರು ನಾಲ್ಕು ಬಂಗುಡೆ ಎತ್ತಿ ಅವರ ಮುಂದೆ ಹಿಡಿದು, “ಇದು ನಿಮ್ಮ ಪಾಲು ಮಾರಾಯ್ರೆ” ಎಂದರು. ಅದನ್ನು ನಾನೇ ಸ್ವೀಕರಿಸಬೇಕಾಯಿತು.

ಮಲ್ಪೆಯಿಂದ ಮುಂದೆ ಹೂಡೆಯ ಮೂಲಕ ಕೋಡಿ ಬೆಂಗ್ರೆಗೆ ಹೋಗುವ ದಾರಿಯೂ ಇದೇ ಜಾತಿಯದು. ಸುವರ್ಣಾ, ಸೀತಾ ಎರಡೂ ಒಂದೇ ಅಳಿವೆಯಲ್ಲಿ ಕಡಲು ಸೇರುವ ಆ ತುದಿಯಲ್ಲಿ ನಿಂತರೆ ಎದುರು ದಡದಲ್ಲಿ ಹಂಗಾರಕಟ್ಟೆ ಕಾಣಿಸುತ್ತದೆ. ಮುಂದೆ ಮಾಬುಕಳದ ಸೇತುವೆಯಲ್ಲಿ ಸೀತೆಯನ್ನು ದಾಟುತ್ತಿದ್ದ ಹಾಗೆ ಅಂಗಡಿಗಳ ಮಾತು ಹೆಚ್ಚು ಕಡಿಮೆ ತುಳುವನ್ನು ಬಿಟ್ಟು ಕುಂದಾಪುರದ ಕನ್ನಡಕ್ಕೆ ತಿರುಗುತ್ತದೆ. ತಟ್ಟೆಯೂ ಬದಲಾಗುತ್ತ ಹೋಗುತ್ತದೆ. ಮಂಗಳೂರಿನ ಹುಣಸೆಹುಳಿಯ ಖಾರದ ಗಸಿ ಉತ್ತರಕ್ಕೆ ಹೋದ ಹಾಗೆ ಮುರುಗಲಿನ ಹುಳಿಗೆ ದಾರಿ ಬಿಡುತ್ತದೆ, ಅಂಕೋಲೆ ಕಾರವಾರದ ಹೊತ್ತಿಗೆ ಬಂಗಡೆ ಸಾರಿನಲ್ಲಿ ತೆಪ್ಪಲವೆಂಬ ಮಸಾಲೆಕಾಯಿಯ ಘಮ ಬಂದಿರುತ್ತದೆ. ಐದು ಗಂಟೆಯಲ್ಲಿ ದಾಟುವವರಿಗೆ ಒಂದೇ ಹೊಟೇಲಿನ ಒಂದೇ ಊಟ.

ಮರವಂತೆಯ ಬಗ್ಗೆ ನನ್ನ ಅಭಿಪ್ರಾಯ ಅನೇಕರಿಗೆ ಹಿಡಿಸಲಾರದು. ಎಡಕ್ಕೆ ಕಡಲು, ಬಲಕ್ಕೆ ಸೌಪರ್ಣಿಕೆ, ನಡುವೆ ರಾಷ್ಟ್ರೀಯ ಹೆದ್ದಾರಿ ಎಂಬುದು ನಿಜವಾಗಿಯೂ ಅಪರೂಪದ ನೋಟವೇ. ಆದರೆ ದ್ವಿಪಥದ ಕಾಲದಲ್ಲಿ ಎರಡೂ ನೀರು ಒಟ್ಟಿಗೆ ಕಣ್ಣಿಗೆ ಬೀಳುತ್ತಿದ್ದವು. ಈಗ ನಾಲ್ಕು ಪಥ, ನಡುವಿನ ವಿಭಜಕ, ಕಡಲ್ಕೊರೆತ ತಡೆಯಲು ಒಟ್ಟಿದ ಬಂಡೆಗಳು ಇವುಗಳ ನಡುವೆ ನಿಂತು ನೋಡಬೇಕಾಗಿದೆ. ಜನ ಕಾರನ್ನು ಅರೆಬರೆ ರಸ್ತೆಯ ಮೇಲೆಯೇ ನಿಲ್ಲಿಸಿ ಸೆಲ್ಫಿ ತೆಗೆಯುತ್ತಾರೆ, ಹಿಂದಿನಿಂದ ಮೀನಿನ ಲಾರಿ ಹಾರ್ನ್ ಹೊಡೆಯುತ್ತದೆ. ಸೌಪರ್ಣಿಕೆಯನ್ನು ನೋಡಬೇಕಾದವರು ಹೊಳೆಬದಿಯ ಒಳದಾರಿಗೆ ಇಳಿಯುವುದೇ ಮೇಲು. ಹೊಳೆ ಇಲ್ಲಿ ಕಡಲಿಗೆ ಕೂಗಳತೆಯಷ್ಟು ಹತ್ತಿರ ಬಂದರೂ ಸೇರದೆ, ದಕ್ಷಿಣಕ್ಕೆ ತಿರುಗಿ ಗಂಗೊಳ್ಳಿಯವರೆಗೆ ಹೋಗಿ, ಉಳಿದ ಹೊಳೆಗಳ ಜೊತೆಗೂಡಿ ಕಡಲಿಗೆ ಬೀಳುತ್ತದೆ.

ಭಟ್ಕಳದಲ್ಲಿ ಊಟ, ಮುರ್ಡೇಶ್ವರದಲ್ಲಿ ದರ್ಶನ; ದೊಡ್ಡದನ್ನು ಕಟ್ಟುವ ಉಮೇದು ನನಗೆ ಅಷ್ಟಾಗಿ ತಾಗುವುದಿಲ್ಲ, ಯಜಮಾನರಿಗೆ ತಾಗುತ್ತದೆ, ಅಷ್ಟೇ. ಹೊನ್ನಾವರದಲ್ಲಿ ಶರಾವತಿಯ ಮೇಲೆ ದೋಣಿಯಲ್ಲಿ ಹೋಗಿ ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳ ನಡುವೆ ಸುತ್ತಿ ಬಂದೆವು. ಕೆರೆಮನೆಯವರು 1934ರಲ್ಲಿ ಕಟ್ಟಿದ ಯಕ್ಷಗಾನ ಮಂಡಳಿಯ ಊರಾದ ಗುಣವಂತೆ ದಾರಿಯಲ್ಲೇ ಇದೆ. ಹೆದ್ದಾರಿಯಲ್ಲಿ ಅದು ಒಂದು ಬೋರ್ಡು ಮಾತ್ರ.

ಅಘನಾಶಿನಿಯ ಹತ್ತಿರ ನಾವು ಎಲ್ಲಕ್ಕಿಂತ ಹೆಚ್ಚು ಹೊತ್ತು ಉಳಿದೆವು. ಶಿರಸಿಯ ಶಂಕರಹೊಂಡದಲ್ಲಿ ಹುಟ್ಟಿ, ಉಂಚಳ್ಳಿಯಲ್ಲಿ 116 ಮೀಟರ್ ಧುಮುಕಿ, ಒಂದೂ ಅಣೆಕಟ್ಟಿಗೆ ಸಿಕ್ಕದೆ ಕಡಲು ಸೇರುವ ಹೊಳೆ ಇದು. ಅದರ ಅಳಿವೆ ಪ್ರದೇಶಕ್ಕೆ 2024ರಲ್ಲಿ ರಾಮ್ಸಾರ್ ಮಾನ್ಯತೆ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶವೆಂಬ ಮನ್ನಣೆ, ದೊರೆತಿದೆ. ಕುಮಟೆಯಿಂದ ಅಘನಾಶಿನಿ ಊರಿಗೆ ಹೋಗಿ, ಕಾರನ್ನು ಅಲ್ಲೇ ಬಿಟ್ಟು, ಊರವರೊಂದಿಗೆ ದೋಣಿಯಲ್ಲಿ ತದಡಿಗೆ ದಾಟಿದೆವು. ದೋಣಿಯಲ್ಲಿ ಶಾಲೆಯ ಮಕ್ಕಳು, ಮೀನಿನ ಬುಟ್ಟಿ ಹಿಡಿದ ಹೆಂಗಸರು. ನೀರು ಇಳಿದ ಹೊತ್ತಾದ್ದರಿಂದ ಹೊಳೆಯ ನಡುವಿನ ಮರಳಿನ ದಿಬ್ಬದಲ್ಲಿ ಜನ ಸೊಂಟದವರೆಗೆ ನೀರಿನಲ್ಲಿ ನಿಂತು ಚಿಪ್ಪಿಮೀನು ಹೆಕ್ಕುತ್ತಿದ್ದರು. ಕಾಲಿನಿಂದ ತಡವಿ ನೋಡುತ್ತಾರೆ, ಮುಳುಗುತ್ತಾರೆ, ಹಿಡಿಯಷ್ಟು ತೆಗೆದು ಪಕ್ಕದಲ್ಲಿ ತೇಲುವ ಪಾತ್ರೆಗೆ ಹಾಕುತ್ತಾರೆ. ನನ್ನ ಪಕ್ಕ ಕುಳಿತಿದ್ದ ಅಜ್ಜಿ ವಿಚಾರಿಸಿದಳು: “ಎಲ್ಲಿಂದ ಬಂದ್ರಿ?” ಮೈಸೂರು ಎಂದೆ. “ದೋಣಿ ದಾಟೂಕೆ ಅಷ್ಟ್ ದೂರದಿಂದ ಬಂದ್ರಾ!” ಎಂದು ನಕ್ಕಳು. ಅವಳಿಗೆ ಅದು ದಿನದ ಬಸ್ಸಿನ ಹಾಗೆ.

ಒಳಗೆ ಮಾಣಿಕಟ್ಟೆಯ ಕಡೆಗೆ ಹೋದರೆ ಗಜನಿ ಗದ್ದೆಗಳು. ಉಬ್ಬರದ ಉಪ್ಪುನೀರು ನುಗ್ಗುವ ಈ ತಗ್ಗು ಭೂಮಿಯಲ್ಲಿ ಬೆಳೆಯುವುದು ಕಗ್ಗ ಎಂಬ ಭತ್ತ. ಉಪ್ಪನ್ನೂ ತಡೆದುಕೊಳ್ಳುತ್ತದೆ, ನೆರೆಯಲ್ಲಿ ಕೆಲ ದಿನ ಮುಳುಗಿದರೂ ಸಾಯುವುದಿಲ್ಲ. ಗೊಬ್ಬರವಿಲ್ಲ, ಔಷಧವಿಲ್ಲ, ಕೊಯ್ಲಾದ ಮೇಲೆ ಅದೇ ಗದ್ದೆಗೆ ನೀರು ಬಿಟ್ಟು ಸೀಗಡಿ, ಮೀನು ಹಿಡಿಯುತ್ತಾರೆ. ಕಟ್ಟೆ ಕಟ್ಟುವುದಕ್ಕೆ ಊರವರೆಲ್ಲ ಕೂಡಬೇಕು, ಕೂಡುವವರು ಕಡಿಮೆಯಾದಲ್ಲಿ ಭತ್ತ ಹೋಗಿ ಬರೀ ಸೀಗಡಿ ಕೊಳ ಉಳಿದಿದೆ. ಕೆಂಪು ಕಗ್ಗದ ಗಂಜಿ, ಜೊತೆಗೆ ಮಾವಿನ ಮಿಡಿ ಉಪ್ಪಿನಕಾಯಿ. ಇಡೀ ಪ್ರವಾಸದಲ್ಲಿ ನಾವಿಬ್ಬರೂ ಒಂದೇ ತಟ್ಟೆಯ ಊಟವನ್ನು ಸಮಾನವಾಗಿ ಮೆಚ್ಚಿದ್ದು ಇಲ್ಲಿ. ಆಚೆ ದಡದಲ್ಲಿ ಗೋಕರ್ಣದ ಹತ್ತಿರ ಸಾಣಿಕಟ್ಟೆಯ ಉಪ್ಪಿನ ಆಗರಗಳಿವೆ. ಓಂ ಬೀಚಿಗೆ ಹೋಗುವವರಲ್ಲಿ ನೂರಕ್ಕೆ ಒಬ್ಬರಾದರೂ ಅಲ್ಲಿ ಇಳಿಯುತ್ತಾರೆಯೇ ಎಂಬ ಅನುಮಾನ ನನಗಿದೆ.

ಇನ್ನು ಗಂಗಾವಳಿ. ಅಂಕೋಲೆ 1930ರ ಉಪ್ಪಿನ ಸತ್ಯಾಗ್ರಹದ ಊರು, ಕರಿ ಇಶಾಡು ಮಾವಿನ ಊರು. ಆದರೆ ಶಿರೂರಿನ ಗುಡ್ಡದ ಬುಡದಲ್ಲಿ ಹಾದುಹೋಗುವಾಗ ನಮ್ಮ ಕಾರಿನಲ್ಲಿ ಮಾತು ನಿಂತಿತು. 2024ರ ಜುಲೈ 16ರ ಬೆಳಿಗ್ಗೆ, ರಸ್ತೆಗಾಗಿ ಕಡಿದಾಗಿ ಕತ್ತರಿಸಿದ್ದ ಆ ಗುಡ್ಡ ಭಾರಿ ಮಳೆಯಲ್ಲಿ ಕುಸಿದು, ಬುಡದಲ್ಲಿದ್ದ ಚಹಾದಂಗಡಿಯನ್ನೂ ನಿಂತಿದ್ದ ವಾಹನಗಳನ್ನೂ ಹೊಳೆಗೆ ತಳ್ಳಿತು. ಹೊಳೆಯ ನೀರು ಅಲೆಯಾಗಿ ಎದ್ದು ಎದುರು ದಡದ ಉಳುವರೆಯ ಮನೆಗಳಿಗೂ ಬಡಿಯಿತು. ಹನ್ನೊಂದು ಜನರನ್ನು ಆ ಬೆಳಗು ಒಯ್ದಿತು. ಬೈಂದೂರಿನ ಒತ್ತಿನೆಣೆಯಲ್ಲಿ ಗುಡ್ಡ ಕೊರೆದಾಗಲೂ ಮಣ್ಣು ಜಾರಿತ್ತು, ಎಚ್ಚರಿಕೆ ಮೊದಲೇ ಸಿಕ್ಕಿತ್ತು. ಹೆದ್ದಾರಿ ಬೇಡವೇ ಬೇಡ ಎಂದು ನಾನು ಹೇಳುತ್ತಿಲ್ಲ. ಕುಮಟೆಯ ರೋಗಿ ಮಣಿಪಾಲಕ್ಕೆ ಬೇಗ ಮುಟ್ಟಬೇಕು, ಅದು ನನ್ನ ವಿಹಾರಕ್ಕಿಂತ ದೊಡ್ಡದು. ಆದರೆ ಜಂಬಿಟ್ಟಿಗೆ ಮಣ್ಣಿನ ಗುಡ್ಡವನ್ನು ಗೋಡೆಯಂತೆ ನೆಟ್ಟಗೆ ಕತ್ತರಿಸಿ, ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮೀರಿದ ಮಳೆಗೆ ಒಡ್ಡಿ, ಕೆಳಗೆ ವಾಹನ ಬಿಡುವುದನ್ನು ಅಭಿವೃದ್ಧಿ ಎನ್ನಲು ನನಗೆ ನಾಲಿಗೆ ಬರುವುದಿಲ್ಲ. ಬೇಗ ಗೋವಾ ಮುಟ್ಟಬೇಕೆಂಬ ನಮ್ಮಂಥವರ ಅವಸರವೂ ಆ ರಸ್ತೆಯ ಅಗಲದಲ್ಲಿ ಸೇರಿಕೊಂಡಿದೆ.

ಕಾರವಾರದಲ್ಲಿ ಕಾಳಿಯ ಹಳೆಯ ಸೇತುವೆಯೂ ಅದೇ ವರ್ಷ ಆಗಸ್ಟ್ 7ರ ನಡುರಾತ್ರಿ ಕುಸಿಯಿತು. ಲಾರಿಯೊಂದು ನೀರಿಗೆ ಬಿತ್ತು, ಚಾಲಕ ಬದುಕಿದ. ಈ ಊರಿನ ಕಡಲ ತೀರಕ್ಕೆ ರವೀಂದ್ರನಾಥ ಠಾಕೂರರ ಹೆಸರಿದೆ. ಅಣ್ಣ ಸತ್ಯೇಂದ್ರನಾಥರು ಇಲ್ಲಿ ನ್ಯಾಯಾಧೀಶರಾಗಿದ್ದಾಗ ತರುಣ ರವೀಂದ್ರರು ಬಂದು ಉಳಿದಿದ್ದರು. ಆತ್ಮಕಥೆಯಲ್ಲಿ ಅವರು ಕಾರವಾರದ ಬಗ್ಗೆ ಮನಸಾರೆ ಬರೆದಿರುವುದರಲ್ಲಿ ಬೆಳದಿಂಗಳ ರಾತ್ರಿ ಕಾಳಿ ನದಿಯಲ್ಲಿ ಸಣ್ಣ ದೋಣಿಯಲ್ಲಿ ಮೇಲಕ್ಕೆ ಹೋಗಿ, ಹಳೆಯ ಗುಡ್ಡದ ಕೋಟೆಯ ಹತ್ತಿರ ಇಳಿದು, ಮರಳುವಾಗ ಹರಿವಿಗೆ ದೋಣಿ ಬಿಟ್ಟು ಅಳಿವೆಗೆ ಬಂದದ್ದೂ ಇದೆ. ಯಜಮಾನರು ಇದನ್ನು ಓದಿಕೊಂಡು ಬಂದಿದ್ದರು, ಸದಾಶಿವಗಡದ ಮೇಲೆ ನಿಂತು ನನಗೆ ವಿವರಿಸಿದರು. ಇಂದಿನ ಪ್ರವಾಸಿ ಫಲಕಗಳಲ್ಲಿ ಬೀಚ್ ಇದೆ, ಯುದ್ಧನೌಕೆ ಇದೆ, ಆ ದೋಣಿಯ ಸುದ್ದಿಯಿಲ್ಲ.

ನಾವು ಹೀಗೆ ಹೋಗಿಬಂದೆವೆಂದು ಹೇಳಿದಾಗ ಗೆಳೆಯರು ಮೊದಲು ಕೇಳಿದ್ದು ಎಷ್ಟು ದಿನ ಬೇಕು ಎಂದು. ಎರಡೇ ದಿನ ರಜೆಯಿದ್ದರೆ ಇಡೀ ದಾರಿಯನ್ನು ಮುಗಿಸಲು ಹೋಗಬೇಡಿ. ಕಾಪುವಿನಿಂದ ಕೋಡಿ ಬೆಂಗ್ರೆಯವರೆಗೆ ಸಾಕು, ಇಲ್ಲವೇ ಹೊನ್ನಾವರದಿಂದ ತದಡಿಯವರೆಗೆ ಸಾಕು. ನವೆಂಬರಿನಿಂದ ಜನವರಿಯವರೆಗೆ ಹವೆ ಹಿತ, ಕಗ್ಗದ ಕೊಯ್ಲು ನೋಡಬೇಕಾದರೆ ಮಳೆ ಬಿಟ್ಟ ಕೂಡಲೇ ಹೋಗಬೇಕು, ಇಶಾಡು ಮಾವು ಬೇಕಾದವರು ಮೇ ತಿಂಗಳ ಸೆಕೆಯನ್ನು ತಡೆದುಕೊಳ್ಳಬೇಕು. ಜೂನ್, ಜುಲೈ ಎರಡು ತಿಂಗಳು ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವುದರಿಂದ ಬಂದರುಗಳು ಖಾಲಿಯಿರುತ್ತವೆ. ಆ ಮಳೆಯನ್ನೇ ನೋಡಬೇಕೆಂಬ ಆಸೆಯಿದ್ದರೆ ಕಾರನ್ನು ಮನೆಯಲ್ಲಿಟ್ಟು ಕೊಂಕಣ ರೈಲಿನಲ್ಲಿ ಹೋಗಿ, ಕುಮಟೆಯಲ್ಲೋ ಕುಂದಾಪುರದಲ್ಲೋ ಇಳಿದುಕೊಳ್ಳಿ. ಒಳದಾರಿಗಳಿಗೆ ಬಹುಪಾಲು ಲೋಕಲ್ ಬಸ್ಸಿದೆ, ಬಸ್ಸಿಲ್ಲದ ಕಡೆ ರಿಕ್ಷಾ ಸಿಗುತ್ತದೆ.